ಸ್ಪರ್ಧಿಸದೆ ಗೆದ್ದ ಮಹಾನುಭಾವ

ಚುನಾವಣೆಗೆ ನಿಲ್ಲುವವರನ್ನು ಕಂಡರೆ ನನಗೆ ಮರುಕ. ಬಿಸಿಲಲ್ಲಿ ಕೈಮುಗಿದು ಅಲೆಯುತ್ತಾರೆ, ಕಂಡವರ ಮಕ್ಕಳನ್ನು ಎತ್ತಿ ಮುದ್ದಾಡುತ್ತಾರೆ. ಕುರ್ಚಿಗೆ ಇದಾವುದೂ ಬೇಕಿಲ್ಲ ಎಂಬುದನ್ನು ಅಮೆರಿಕದ ಕನೆಕ್ಟಿಕಟ್ ರಾಜ್ಯ 1890ರಲ್ಲೇ ತೋರಿಸಿಕೊಟ್ಟಿದೆ.

ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಗವರ್ನರನ್ನು ಶಾಸನಸಭೆಯೇ ಆರಿಸಬೇಕೆಂಬುದು ಆಗ ಅಲ್ಲಿನ ನಿಯಮ. 1888ರಲ್ಲಿ ಡೆಮಾಕ್ರಟಿಕ್ ಪಕ್ಷದ ಲೂಝನ್ ಮಾರಿಸ್ ಎಲ್ಲರಿಗಿಂತ ಹೆಚ್ಚು ಮತ ಪಡೆದರು, ಆದರೆ ಅರ್ಧ ದಾಟಲಿಲ್ಲ. ರಿಪಬ್ಲಿಕನ್ನರ ಕೈಯಲ್ಲಿದ್ದ ಸಭೆ ಎರಡನೇ ಸ್ಥಾನದಲ್ಲಿದ್ದ ತಮ್ಮ ಮಾರ್ಗನ್ ಬಲ್ಕ್‌ಲಿಯನ್ನು ಗವರ್ನರ್ ಮಾಡಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

1890ರಲ್ಲಿ ಬಲ್ಕ್‌ಲಿ ಕಣದಲ್ಲೇ ಇರಲಿಲ್ಲ. ಅವರ ಪಕ್ಷದಿಂದ ನಿಂತವರು ಸ್ಯಾಮ್ಯುಯೆಲ್ ಮರ್ವಿನ್. ಮತ್ತೆ ಮಾರಿಸ್‌ಗೇ ಹೆಚ್ಚು ಮತ. ಈ ಸಲ ಅರ್ಧ ದಾಟಿದರೋ ಇಲ್ಲವೋ ಎಂಬುದು ಕೆಲವು ಮತಪತ್ರಗಳ ಮೇಲಿದ್ದ ಸಣ್ಣ ಮಸಿ ಚುಕ್ಕೆಗಳಿಗೆ ತಗುಲಿಕೊಂಡಿತು. ಡೆಮಾಕ್ರಟರ ಮೇಲ್ಮನೆ ‘ಗೆದ್ದರು’ ಎಂದಿತು. ರಿಪಬ್ಲಿಕನ್ನರ ಕೆಳಮನೆ ‘ಮೊದಲು ತನಿಖೆಯಾಗಲಿ’ ಎಂದಿತು. ಉತ್ತರಾಧಿಕಾರಿ ವಿಧಿವತ್ತಾಗಿ ಬರುವವರೆಗೆ ಹಳಬರೇ ಇರಬೇಕಲ್ಲ? ಬಲ್ಕ್‌ಲಿ ಇದ್ದರು. ಇನ್ನೂ ಎರಡು ವರ್ಷ, ಅಂದರೆ ಇಡೀ ಒಂದು ಅವಧಿ, ಇದ್ದರು! ನಾಮಪತ್ರವೇ ಇಲ್ಲ, ಠೇವಣಿ ಕಳೆದುಕೊಳ್ಳುವ ಭಯವೆಲ್ಲಿ?

1891ರ ಮಾರ್ಚ್‌ನಲ್ಲಿ ಡೆಮಾಕ್ರಟಿಕ್ ಲೆಕ್ಕನಿಯಂತ್ರಕ ನಿಕೋಲಸ್ ಸ್ಟಾಬ್, ಹಾರ್ಟ್‌ಫರ್ಡಿನ ಶಾಸನಭವನದಲ್ಲಿ ಗವರ್ನರರ ಕೊಠಡಿಗೆ ಬೀಗ ಜಡಿಸಿದರು. ಸಂವಿಧಾನ, ಪೂರ್ವನಿದರ್ಶನ, ಅಧಿಕಾರ ವಿಭಜನೆ ಮುಂತಾದ ಗಹನ ವಿಚಾರಗಳನ್ನೆಲ್ಲ ಬಲ್ಕ್‌ಲಿ ಒಂದೇ ಉಪಕರಣದಿಂದ ಬಗೆಹರಿಸಿದರು: ಹಾರೆ. ಬಾಗಿಲು ತೆರೆಯಿತು. ‘ಹಾರೆ ಗವರ್ನರ್’ ಎಂಬ ಬಿರುದೂ ಬಂತು. ನೆರೆಯ ನ್ಯೂಯಾರ್ಕ್‌ನ ಗವರ್ನರ್ ಡೇವಿಡ್ ಹಿಲ್ ಮಾತ್ರ ಇವರನ್ನು ಗವರ್ನರ್ ಎಂದೇ ಒಪ್ಪಲಿಲ್ಲ. ಅಸೂಯೆ ಇರಬಹುದು, ಪಾಪ, ಅವರು ಮತ ಕೇಳಿ ಗೆದ್ದು ಬಂದವರು.

ಎರಡು ಮನೆಗಳ ಮುನಿಸಿನಲ್ಲಿ ಸರ್ಕಾರದ ಖರ್ಚಿಗೆ ಮಂಜೂರಾತಿಯೇ ಸಿಗಲಿಲ್ಲ. ಬಲ್ಕ್‌ಲಿ ಎಟ್ನಾ ಜೀವವಿಮಾ ಕಂಪನಿಯ ಅಧ್ಯಕ್ಷರೂ ಆಗಿದ್ದರು. ಹಣ ಅಲ್ಲಿಂದ ಹರಿದು ಬಂತು. ಪ್ರೀಮಿಯಂ ಕಟ್ಟದೆಯೇ ವಿಮಾ ಕಂಪನಿ ತಕರಾರಿಲ್ಲದೆ ದುಡ್ಡು ಬಿಚ್ಚಿದ ಬೇರೆ ಉದಾಹರಣೆ ನನ್ನ ನೆನಪಿನಲ್ಲಿಲ್ಲ.

1892ರ ಜನವರಿಯಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಬಲ್ಕ್‌ಲಿಯ ಪರವಾಗಿಯೇ ತೀರ್ಪಿತ್ತಿತು. ಪಟ್ಟು ಬಿಡದ ಮಾರಿಸ್ ಅದೇ ವರ್ಷ ಮತ್ತೆ ಸ್ಪರ್ಧಿಸಿ, ಕೊನೆಗೂ ಅರ್ಧ ದಾಟಿ, 1893ರಲ್ಲಿ ಗವರ್ನರ್ ಆದರು. ಬಲ್ಕ್‌ಲಿ 1905ರಲ್ಲಿ ಅಮೆರಿಕದ ಸೆನೆಟ್ ಸೇರಿದರು. ಆ ಕಾಲದಲ್ಲಿ ಸೆನೆಟರುಗಳನ್ನು ಆರಿಸುತ್ತಿದ್ದುದು ಜನರಲ್ಲ, ಶಾಸನಸಭೆ.