ಎಂಟೂವರೆಗೆ ಹ್ಯಾಕಿಂಗ್, ಒಂಬತ್ತಕ್ಕೆ ಊಟ

ನಮ್ಮ ಹನುಮಂತನಗರದ ಮನೆಯಲ್ಲಿ ರಾತ್ರಿ ಎಂಟೂವರೆಯಿಂದ ಒಂಬತ್ತರವರೆಗೆ ಯಾರಿಗೂ ಊಟ ಇಲ್ಲ. ಧಾರಾವಾಹಿ ಇರುತ್ತದೆ. ಸೊಸೆಗೆ ಸೇರಬೇಕಾದ ಆಸ್ತಿಪತ್ರವನ್ನು ಅತ್ತೆಯ ತಮ್ಮ ಕದ್ದು ಕಂಪ್ಯೂಟರ್ ಒಳಗೆ ಬಚ್ಚಿಟ್ಟಿದ್ದಾನೆ. ಛಾಪಾ ಕಾಗದದ ಪತ್ರ ಕಂಪ್ಯೂಟರ್ ಒಳಗೆ ಹೇಗೆ ಹೋಯಿತು ಅಂತ ಕೇಳಬಾರದು. ನಾನು ಒಮ್ಮೆ ಕೇಳಿದ್ದೆ. ಆ ರಾತ್ರಿ ತಣ್ಣಗಿನ ಸಾರೇ ಗತಿಯಾಯಿತು.

ಹೋದ ವಾರ ಆ ಪತ್ರ ಹೊರಗೆ ಬಂತು. ತಂದವನು ನಾಯಕನ ಗೆಳೆಯ, ಕನ್ನಡಕದ ಹುಡುಗ. ಪ್ರತಿ ಧಾರಾವಾಹಿಯಲ್ಲೂ ಇಂಥವನೊಬ್ಬ ಇರುತ್ತಾನೆ. ಅವನಿಗೆ ಕೆಲಸ ಇಲ್ಲ, ಮನೆ ಇಲ್ಲ, ಸಂಬಂಧ ನೋಡುವವರಿಲ್ಲ. ಲ್ಯಾಪ್‌ಟಾಪ್ ಮಾತ್ರ ಇದೆ. ಫೋನ್ ಇಟ್ಟ ಮರುಕ್ಷಣ ಬಾಗಿಲಲ್ಲಿ ಪ್ರತ್ಯಕ್ಷ. ಟ್ರಾಫಿಕ್ಕಿಗೆ ಹೆಸರಾದ ಸಿಲ್ಕ್ ಬೋರ್ಡ್ ಅನ್ನೋ ಜಾಗ ಅವನ ಬೆಂಗಳೂರಿನಲ್ಲಿ ಇಲ್ಲವೇ ಇಲ್ಲ. ಕೂತ, ಬೆರಳು ಮುರಿದ, ಟಕಟಕ ಟೈಪ್ ಮಾಡಿದ. ಮೌಸ್ ಮುಟ್ಟಲಿಲ್ಲ. ಒಂದು ಅಕ್ಷರವನ್ನೂ ಅಳಿಸಲಿಲ್ಲ. ಪರದೆ ಕೆಂಪಾಯಿತು: ಆಕ್ಸೆಸ್ ಡಿನೈಡ್. ಮನೆಯಲ್ಲಿ ಎಲ್ಲರೂ ಅಚ್ಚ ಕನ್ನಡ ಮಾತಾಡಿದರೂ ಕಂಪ್ಯೂಟರ್ ಮಾತ್ರ ಇಂಗ್ಲಿಷಿನಲ್ಲೇ ಬೈಯುತ್ತದೆ. ಕ್ಯಾಮೆರಾ ಅತ್ತೆಯ ಮುಖಕ್ಕೆ ಮೂರು ಸಲ, ಸೊಸೆಯ ಮುಖಕ್ಕೆ ಮೂರು ಸಲ, ದೇವರ ಪಟಕ್ಕೆ ಒಂದು ಸಲ ಹೋಗಿ ಬಂತು. ಪರದೆ ಹಸಿರಾಯಿತು. ಆಕ್ಸೆಸ್ ಗ್ರಾಂಟೆಡ್.

ಅಮ್ಮ ನನ್ನ ಕಡೆ ತಿರುಗಿದರು.

"ನೀನೂ ಕಂಪ್ಯೂಟರ್ ಕೆಲಸಾನೇ ಅಲ್ವೇನೋ?"

ಹದಿನಾಲ್ಕು ವರ್ಷದಿಂದ ನಾನು ಮಾರತ್ತಹಳ್ಳಿ ಕಡೆಯ ಒಂದು ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದೇನೆ. ನನ್ನ ಕೆಲಸದ ಬಗ್ಗೆ ಅಮ್ಮನಿಗೆ ಅನುಮಾನ ಬಂದದ್ದು ಇದೇ ಮೊದಲು.

"ಹೌದಮ್ಮ."

"ಮತ್ತೆ ಅವನು ಮೂವತ್ತು ಸೆಕೆಂಡಿಗೆ ಮುಗಿಸ್ದ. ನೀನು ರಾತ್ರಿ ಹನ್ನೆರಡಾದ್ರೂ ಕೂತಿರ್ತೀಯ?"

ಇದಕ್ಕೆ ಉತ್ತರ ಇದೆ. ಆದರೆ ಹೇಳುವಂಥದ್ದಲ್ಲ. ನನ್ನ ಕೆಲಸದಲ್ಲಿ ಕೆಂಪೂ ಇಲ್ಲ, ಹಸಿರೂ ಇಲ್ಲ. ಬೂದು ಬಣ್ಣದ ಒಂದು ಚಕ್ರ ಸುತ್ತುತ್ತದೆ. ಆಮೇಲೆ 'ಕನೆಕ್ಷನ್ ಟೈಮ್ಡ್ ಔಟ್' ಅಂತ ಬರುತ್ತದೆ. ಟೀ ಕುಡಿದು ಬಂದು ಮತ್ತೆ ಒತ್ತುತ್ತೇನೆ. ಮತ್ತೆ ಚಕ್ರ. ಇದನ್ನು ಎಂಟೂವರೆಗೆ ಹಾಕಿದರೆ ಯಾರು ನೋಡುತ್ತಾರೆ?

ಆದರೂ ಕೇಳಬೇಕು ಅನಿಸುತ್ತದೆ. ಇದು ಯಾವ ಊರು? 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಸ್ಯಾಟಲೈಟ್ ಡಿಶ್ಶನ್ನು ಎತ್ತಿನ ಗಾಡಿಯ ಮೇಲೆ ಹೇರಿಸಿಕೊಂಡು ಬಂದ ಊರು. ಈಗ ಮನೆಗೊಬ್ಬ ಸಾಫ್ಟ್‌ವೇರಿನವನು ಇದ್ದಾನೆ. ಧಾರಾವಾಹಿ ಬರೆಯುವವರ ಮನೆಯ ಮೇಲಿನ ಮಹಡಿಯಲ್ಲೇ ಒಬ್ಬ ಬಾಡಿಗೆಗೆ ಇರುತ್ತಾನೆ, ಅವನು ಕೊಟ್ಟ ಅಡ್ವಾನ್ಸ್ ಇವರ ಬ್ಯಾಂಕಿನಲ್ಲೇ ಇರುತ್ತದೆ. ಮೆಟ್ಟಿಲು ಹತ್ತಿ "ಏನಪ್ಪಾ, ಹ್ಯಾಕಿಂಗ್ ಅಂದ್ರೆ ಹೆಂಗಿರುತ್ತೆ?" ಅಂತ ಕೇಳಿದರೆ ಮುಗಿಯಿತು. ಕೇಳುವುದಿಲ್ಲ. ನೀರಿನ ಮೋಟರ್ ಆಫ್ ಮಾಡಿಲ್ಲ ಅಂತ ಬೈಯಲು ಮಾತ್ರ ಹತ್ತುತ್ತಾರೆ.

ನಮ್ಮವರನ್ನೇ ಅಂದರೆ ತಪ್ಪಾಗುತ್ತದೆ. 2004ರಲ್ಲಿ ಅಮೆರಿಕದ ಎನ್‌ಸಿಐಎಸ್ ಧಾರಾವಾಹಿಯಲ್ಲಿ ಒಂದು ದೃಶ್ಯ ಬಂತು. ಹ್ಯಾಕರ್ ನುಗ್ಗುತ್ತಿದ್ದಾನೆ, ತಡೆಯಬೇಕು. ಒಬ್ಬಳ ವೇಗ ಸಾಲದು ಅಂತ ಇನ್ನೊಬ್ಬನೂ ಬಂದು ಅದೇ ಕೀಬೋರ್ಡಿಗೆ ಕೈ ಹಾಕುತ್ತಾನೆ. ಒಂದು ಹಾರ್ಮೋನಿಯಂ, ನಾಲ್ಕು ಕೈ. ಕೊನೆಗೆ ಅವರ ಬಾಸ್ ಬಂದು ಪ್ಲಗ್ ಕಿತ್ತು ಹಾಕುತ್ತಾನೆ, ಕಥೆ ಮುಗಿಯುತ್ತದೆ. ಲೋಕವೆಲ್ಲ ಇದನ್ನು ನೋಡಿ ನಕ್ಕಿತು. ನನಗೆ ಆ ಬಾಸ್ ಮೇಲೆ ಗೌರವ ಇದೆ. ಕರೆಂಟ್ ತೆಗೆದರೆ ಯಾವ ಹ್ಯಾಕರೂ ಬರುವುದಿಲ್ಲ. ನಮ್ಮ ಬಡಾವಣೆಗೆ ಆ ರಕ್ಷಣೆ ದಿನಕ್ಕೆರಡು ಸಲ ಉಚಿತವಾಗಿ ಸಿಗುತ್ತದೆ.

ಹಾಗಂತ ಸರಿಯಾಗಿ ತೋರಿಸಿದವರು ಇಲ್ಲ ಅಂತಲ್ಲ. 2015ರಲ್ಲಿ ಶುರುವಾದ ಮಿಸ್ಟರ್ ರೋಬಾಟ್ ಅನ್ನೋ ಧಾರಾವಾಹಿಯಲ್ಲಿ ಪರದೆಯ ಮೇಲೆ ನಿಜವಾದ ಕಮಾಂಡ್‌ಗಳೇ ಬರುತ್ತವೆ. ಬಹಳ ಹೆಮ್ಮೆಯಿಂದ ಅಮ್ಮನಿಗೆ ತೋರಿಸಿದೆ. ಹತ್ತು ನಿಮಿಷಕ್ಕೆ ಗೊರಕೆ. ಎದ್ದವರು, "ಆ ಹುಡುಗ ಯಾಕೆ ಊಟ ಮಾಡಲ್ಲ?" ಅಂತ ಕೇಳಿದರು.

ಮರುದಿನದ ಕಂತಿನಲ್ಲಿ ನಮ್ಮ ಕನ್ನಡಕದ ಹುಡುಗ ಖಳನಾಯಕನ ಐಪಿ ಅಡ್ರೆಸ್ ಹಿಡಿದ, ಅಂದರೆ ಇಂಟರ್ನೆಟ್ಟಿನಲ್ಲಿ ಅವನ ಕಂಪ್ಯೂಟರಿನ ಡೋರ್ ನಂಬರ್. ಪರದೆಯ ತುಂಬ ದಪ್ಪಕ್ಷರದಲ್ಲಿ 412.68.930.7. ಐಪಿ ಅಡ್ರೆಸ್ಸಿನ ನಾಲ್ಕು ಭಾಗಗಳಲ್ಲಿ ಯಾವುದೂ 255 ದಾಟುವುದಿಲ್ಲ. ಇದು ಕ್ಯಾಲೆಂಡರಿನಲ್ಲಿ ಜನವರಿ 43 ಅಂತ ಬರೆದ ಹಾಗೆ. ನಿಜವಾದ ನಂಬರ್ ತೋರಿಸಿದರೆ ಅದು ಯಾರದೋ ಆಗಿರುತ್ತದೆ, ಸುಮ್ನೆ ತಲೆನೋವು, ಅದಕ್ಕೇ ಬೇಕಂತಲೇ ಹೀಗೆ ಮಾಡುತ್ತಾರೆ ಅಂತ ಒಬ್ಬರು ಹೇಳಿದರು. ಸರಿ, ಒಪ್ಪಿದೆ. ಆದರೆ ಆ ನಂಬರಿನಿಂದ ನಕ್ಷೆ ತೆರೆದು, ಊರು, ಬೀದಿ ದಾಟಿ, ಖಳನಾಯಕ ಯಾವ ರೂಮಿನಲ್ಲಿ ಕಾಫಿ ಕುಡಿಯುತ್ತಿದ್ದಾನೆ ಅಂತ ಹೇಳಿಬಿಟ್ಟರಲ್ಲ?

ಅಮ್ಮನಿಗೆ ವಠಾರದ ಲೆಕ್ಕದಲ್ಲಿ ಹೇಳಲು ನೋಡಿದೆ. ನಾವು ಮೊದಲು ಚಾಮರಾಜಪೇಟೆಯ ವಠಾರದಲ್ಲಿದ್ದೆವಲ್ಲ, ಎಂಟು ಮನೆಗೂ ಸೇರಿ ಒಂದೇ ಡೋರ್ ನಂಬರ್. ಮೊಬೈಲ್ ಇಂಟರ್ನೆಟ್ಟೂ ಹಾಗೇ. ಎಷ್ಟೋ ಜನಕ್ಕೆ ಸೇರಿ ಹೊರಗೆ ಕಾಣುವುದು ಒಂದೇ ಐಪಿ. ಅದರಿಂದ ವಠಾರ ಗೊತ್ತಾಗುತ್ತದೆ, ಹಪ್ಪಳ ಕದ್ದವರು ಯಾರು ಅಂತ ಗೊತ್ತಾಗುವುದಿಲ್ಲ. ಪೊಲೀಸರು ಇಂಟರ್ನೆಟ್ ಕೊಡುವ ಕಂಪನಿಗೆ ಪತ್ರ ಬರೆಯಬೇಕು. ಇಂಥ ದಿನ, ಇಷ್ಟು ಗಂಟೆ, ಇಷ್ಟನೇ ಸೆಕೆಂಡಿಗೆ ಆ ನಂಬರ್ ಯಾರ ಕೈಯಲ್ಲಿತ್ತು ಅಂತ ಕೇಳಬೇಕು. ಆಮೇಲೆ ಉತ್ತರಕ್ಕೆ ಕಾಯಬೇಕು.

"ಹಪ್ಪಳ ಕದ್ದದ್ದು ಮೂರನೇ ಮನೆಯವಳು. ಅವತ್ತೇ ನಂಗೊತ್ತಿತ್ತು," ಅಂದರು ಅಮ್ಮ. ಐಪಿ ಇಲ್ಲದೆಯೇ.

ಸಿಸಿಟಿವಿ ದೃಶ್ಯದಲ್ಲೂ ಇದೇ ಗೋಳು. "ಜೂಮ್ ಮಾಡು, ಇನ್ನೂ ಜೂಮ್ ಮಾಡು, ಈಗ ಕ್ಲಿಯರ್ ಮಾಡು." ದೂರದಲ್ಲಿ ನಿಂತ ಕಾರಿನ ಗಾಜಿನಲ್ಲಿ, ಅದರಲ್ಲಿ ಕಾಣುವವನ ಕನ್ನಡಕದಲ್ಲಿ, ಕೊಲೆಗಾರನ ಮುಖ! ಐದು ಚುಕ್ಕಿ ಇಟ್ಟ ರಂಗೋಲಿಯನ್ನು ಎಷ್ಟು ಹತ್ತಿರದಿಂದ ನೋಡಿದರೂ ಅದು ಇಪ್ಪತ್ತೊಂದು ಚುಕ್ಕಿಯದಾಗುವುದಿಲ್ಲ. ಕ್ಯಾಮೆರಾ ಇಡದ ಚುಕ್ಕಿಯನ್ನು ಕಂಪ್ಯೂಟರ್ ಎಲ್ಲಿಂದ ತರುತ್ತದೆ? ಊಹೆ ಮಾಡಿ ಇಡಬಹುದು. ಆಗ ಅದು ಕಂಪ್ಯೂಟರ್ ಬರೆದ ರಂಗೋಲಿ, ಕೊಲೆಗಾರನ ಮುಖವಲ್ಲ. ನಮ್ಮ ಬೀದಿಯಲ್ಲಿ ನನ್ನ ಹೊಸ ಚಪ್ಪಲಿ ಕಳುವಾದಾಗ ಎದುರು ಮನೆಯ ಕ್ಯಾಮೆರಾದಲ್ಲಿ ಸಿಕ್ಕಿದ್ದು ಇಡ್ಲಿಯಂಥ ಒಂದು ಬಿಳಿ ಗುಂಡು. ಇಡ್ಲಿ ಬಂತು, ಬಗ್ಗಿತು, ಹೋಯಿತು. ಕಂಪ್ಲೇಂಟಿನಲ್ಲಿ ಏನಂತ ಬರೆಯೋದು?

ಗೌರಿ ಹಬ್ಬಕ್ಕೆ ನೆಂಟರೆಲ್ಲ ಸೇರಿದರು. ಒಬ್ಬಟ್ಟಿನ ಮಧ್ಯೆ ಧಾರಾವಾಹಿಯ ಮಾತು ಬಂತು. ಅಮ್ಮ ಎಲ್ಲರ ಮುಂದೆ, "ನಮ್ಮವನಿಗೆ ಅದೆಲ್ಲ ಬರಲ್ಲ, ಸಂಬಳ ಮಾತ್ರ ಬರುತ್ತೆ," ಅಂದುಬಿಟ್ಟರು.

ಮನುಷ್ಯನಿಗೆ ಒಂದು ಮಿತಿ ಇರುತ್ತದೆ. ಲ್ಯಾಪ್‌ಟಾಪ್ ತಂದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು 'ಕಲರ್ 0ಎ' ಅಂತ ಒತ್ತಿದೆ. ಕಪ್ಪು ಪರದೆಯಲ್ಲಿ ಅಕ್ಷರವೆಲ್ಲ ಹಸಿರಾಯಿತು. ಹಾಲ್ ಅರ್ಧ ನಿಶ್ಶಬ್ದ. ಆಮೇಲೆ ಡಿಐಆರ್, ಸ್ಲ್ಯಾಶ್, ಎಸ್. ಇದರ ಅರ್ಥ ಇಷ್ಟೇ: ನನ್ನ ಲ್ಯಾಪ್‌ಟಾಪಿನದೇ ಡಿಸ್ಕಿನಲ್ಲಿ, ಅಂದರೆ ಸಿ ಡ್ರೈವಿನಲ್ಲಿ, ಇರುವ ಫೈಲುಗಳ ಹೆಸರನ್ನೆಲ್ಲ ಓದು. ಮನೆ ಸಾಮಾನಿನ ಪಟ್ಟಿ ಓದಿಸಿದ ಹಾಗೆ. ಆದರೆ ಸಾವಿರಾರು ಹಸಿರು ಸಾಲು ಸರಸರ ಮೇಲೆ ಓಡಿದವು. ನಾನು ಸುಮ್ಮನೆ ಕೂರಲಿಲ್ಲ, ಕೆಲಸಕ್ಕೆ ಬಾರದ ಕೀಗಳನ್ನೆಲ್ಲ ಟಕಟಕ ಕುಟ್ಟಿದೆ.

ಮಾವ ಬಗ್ಗಿ ನೋಡಿದರು. "ಎಲ್ಲಿಗೆ ನುಗ್ಗಿದೀಯಪ್ಪ? ಅಮೆರಿಕಾನಾ?"

"ಸಿ ಡ್ರೈವ್, ಮಾವ."

"ಜೋಪಾನ ಕಣೋ," ಅಂದರು, ದನಿ ತಗ್ಗಿಸಿ.

ಹದಿನಾಲ್ಕು ವರ್ಷದಲ್ಲಿ ಸಿಗದ ಮರ್ಯಾದೆ ನಲವತ್ತು ಸೆಕೆಂಡಿನಲ್ಲಿ ಸಿಕ್ಕಿತು. ಜೊತೆಗೆ ಅರ್ಜಿಗಳೂ ಬಂದವು. ಒಬ್ಬರಿಗೆ ಮಗಳ ಸಿಇಟಿ ರ‍್ಯಾಂಕನ್ನು ಸ್ವಲ್ಪ ಮೇಲಕ್ಕೆ ತಳ್ಳಬೇಕಿತ್ತು, ಜಾಸ್ತಿ ಬೇಡ, ಒಂದು ಐದು ಸಾವಿರ. ಮಾವನಿಗೆ ಸೊಸೆಯ ವಾಟ್ಸಾಪ್ ಬೇಕಿತ್ತು. 2000ದಲ್ಲೇ ಇದಕ್ಕೆಲ್ಲ ಐಟಿ ಕಾಯ್ದೆ ಬಂದಿದೆ, 2001ರಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಶುರುವಾದದ್ದೂ ನಮ್ಮ ಬೆಂಗಳೂರಿನಲ್ಲೇ, ನನ್ನನ್ನು ಅಲ್ಲಿಗೆ ಕಳಿಸಬೇಡಿ ಅಂದೆ. "ಧಾರಾವಾಹೀಲಿ ಪೊಲೀಸರೇ ಮಾಡಿಸ್ತಾರೆ," ಅಂದರು ಮಾವ. ಅದೂ ನಿಜವೇ. ಅಲ್ಲಿ ಇನ್‌ಸ್ಪೆಕ್ಟರ್ ತಾನೇ ಕನ್ನಡಕದ ಹುಡುಗನ ಬೆನ್ನು ತಟ್ಟಿ ಬ್ಯಾಂಕ್ ಹ್ಯಾಕ್ ಮಾಡಿಸುತ್ತಾನೆ.

ಚಿಕ್ಕಮ್ಮನದು ಮಾತ್ರ ನ್ಯಾಯವಾದ ಕೇಸು. ಒಂದು ಕಚೇರಿಯಲ್ಲಿ ಅವರ ಮನೆಯ ಕಾಗದ ಸಿಕ್ಕಿಹಾಕಿಕೊಂಡಿತ್ತು. ಹ್ಯಾಕ್ ಮಾಡಲ್ಲ, ಜೊತೆಗೆ ಬರುತ್ತೇನೆ ಅಂದೆ. ಹೋದೆವು. ಕೌಂಟರಿನವರು ತಲೆ ಎತ್ತದೆ ಹೇಳಿದರು: "ಸರ್ವರ್ ಡೌನ್ ಸಾರ್."

ಮರುದಿನವೂ ಡೌನ್. ಮೂರನೇ ದಿನ ಸರ್ವರ್ ಎದ್ದಿತು. ಆದರೆ ಬೆರಳಚ್ಚಿನ ಯಂತ್ರ ಮಲಗಿತ್ತು.

ಅಲ್ಲೇ ಬೆಂಚಿನ ಮೇಲೆ ಕೂತು ಯೋಚಿಸಿದೆ. ಧಾರಾವಾಹಿಯ ಹುಡುಗ ಇಂಥದೇ ಕಚೇರಿಯ ಸರ್ವರಿಗೆ ಅರ್ಧರಾತ್ರಿಯಲ್ಲಿ ನುಗ್ಗಿದ್ದ. ಪಾಪ, ಇಲ್ಲಿಗೆ ಬಂದಿದ್ದರೆ ಏನು ಮಾಡುತ್ತಿದ್ದ? ನುಗ್ಗುವುದಕ್ಕೆ ಬಾಗಿಲಾದರೂ ತೆರೆದಿರಬೇಕಲ್ಲ! ಮೊದಲು ಕ್ಯಾಪ್ಚಾ, ಅಂದರೆ ನೀವು ಯಂತ್ರವಲ್ಲ, ಮನುಷ್ಯರು ಅಂತ ತೋರಿಸುವ ಪರೀಕ್ಷೆ, ಬರುತ್ತದೆ: ಟ್ರಾಫಿಕ್ ಲೈಟ್ ಇರುವ ಚೌಕಗಳನ್ನು ಆರಿಸಿ. ನಮ್ಮೂರಿನವರಿಗೆ ಅದು ಕಷ್ಟವಲ್ಲ, ದಿನಕ್ಕೆ ಎರಡು ಗಂಟೆ ಅದನ್ನೇ ನೋಡುತ್ತಿರುತ್ತೇವೆ. ಆಮೇಲೆ ಓಟಿಪಿ. ಓಟಿಪಿ ಬರುವುದು ಅಜ್ಜ ಯಾವತ್ತೋ ಕೊಟ್ಟ ಹಳೇ ನಂಬರಿಗೆ. ಅದು ಬರುವ ಹೊತ್ತಿಗೆ ಸೆಷನ್ ಮುಗಿದಿರುತ್ತದೆ. ಮತ್ತೆ ಮೊದಲಿನಿಂದ ಟ್ರಾಫಿಕ್ ಲೈಟ್. ಖಳನಾಯಕನ ಜೊತೆ ಹೊಡೆದಾಡಿದವನು ಇದರ ಮುಂದೆ ಅತ್ತುಬಿಡುತ್ತಾನೆ. ಪಕ್ಕದಲ್ಲಿದ್ದ ಹಿರಿಯರೊಬ್ಬರಿಗೆ ಇದನ್ನೇ ಹೇಳಿದೆ. "ಏನೇ ಅನ್ನಿ, ಇಲ್ಲಿಂದ ಯಾರೂ ಏನೂ ಕದಿಯಕ್ಕಾಗಲ್ಲ," ಅಂದರು ಅವರು. ಅವರದು ಐದನೇ ದಿನ.

ಧಾರಾವಾಹಿ ಅಷ್ಟರಲ್ಲಿ ಮುಂದೆ ಹೋಗಿತ್ತು. ನಿಶ್ಚಿತಾರ್ಥದ ಮಂಟಪದಲ್ಲಿ ಕನ್ನಡಕದ ಹುಡುಗ ಪೆನ್‌ಡ್ರೈವ್ ಚುಚ್ಚಿದ, ಗೋಡೆಯ ಮೇಲೆ ಅತ್ತೆಯ ತಮ್ಮನ ಬಂಡವಾಳವೆಲ್ಲ ಬಯಲಾಯಿತು. ಕೋರ್ಟಿನಲ್ಲಿ ಇದು ನಡೆಯಲ್ಲ, 2024ರ ಜುಲೈಯಿಂದ ಹೊಸ ಸಾಕ್ಷ್ಯ ಕಾಯ್ದೆ ಇದೆ, ಅದರ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಕೊಡಬೇಕು, ಫೈಲಿನ ಬೆರಳಚ್ಚಿನಂಥ ಹ್ಯಾಶ್ ವ್ಯಾಲ್ಯೂ ಬರೆಯಬೇಕು ಅಂತ ನಾನು ಶುರು ಮಾಡಿದೆ. "ನಿಶ್ಚಿತಾರ್ಥ ನಿಲ್ಲಿಸೋಕೆ ಸರ್ಟಿಫಿಕೇಟ್ ಯಾಕೋ?" ಅಂದರು ಅಮ್ಮ. ಮಾತಿಗೆ ತೂಕ ಇತ್ತು. ನನಗಿದ್ದ ಅನುಮಾನವೇ ಬೇರೆ. ಛತ್ರದ ಪ್ರೊಜೆಕ್ಟರಿಗೆ ಲ್ಯಾಪ್‌ಟಾಪ್ ಒಂದೇ ಏಟಿಗೆ ಕನೆಕ್ಟ್ ಆಯಿತಲ್ಲ, ಅದನ್ನು ಮಾತ್ರ ನಾನು ಸಾಯುವವರೆಗೆ ನಂಬುವುದಿಲ್ಲ.

ಈಚೆಗೆ ಅಸಲಿ ಕಳ್ಳರು ಕೀಬೋರ್ಡನ್ನೇ ಬಿಟ್ಟಿದ್ದಾರೆ. ಅವರಿಗೆ ಬೇಕಾದದ್ದು ಒಂದು ಖಾಕಿ ಅಂಗಿ, ಹಿಂದೆ ಒಂದು ಲಾಂಛನ, ಗಡಸು ದನಿ. ನಿಮ್ಮ ಹೆಸರಿನ ಕೊರಿಯರಿನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮದು ಡಿಜಿಟಲ್ ಅರೆಸ್ಟ್, ಫೋನ್ ಇಡಬೇಡಿ ಅನ್ನುತ್ತಾರೆ. ಅಂಥ ಅರೆಸ್ಟ್ ಕಾನೂನಿನಲ್ಲೇ ಇಲ್ಲ ಅಂತ 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಹೇಳಬೇಕಾಯಿತು. ಪಾಸ್‌ವರ್ಡ್ ಮುರಿಯುವ ಕಷ್ಟ ಅವರಿಗೆ ಯಾಕೆ? ಜನ ಹಸಿರು ಅಕ್ಷರಕ್ಕೆ ಕಾಯುತ್ತಾ ಕೂತಿರುತ್ತಾರೆ. ಕಳ್ಳರು ಪಾಸ್‌ವರ್ಡ್ ಕೇಳುತ್ತಾರೆ, ಜನ ಹೇಳುತ್ತಾರೆ. ಸೆಟ್ಟು, ವೇಷ, ಡೈಲಾಗ್, ಸಸ್ಪೆನ್ಸ್, ಎಲ್ಲ ಅಚ್ಚುಕಟ್ಟು. ನಮ್ಮ ಧಾರಾವಾಹಿ ತಂಡಗಳು ಅವರ ಹತ್ತಿರ ಕಲಿಯಬೇಕು.

ಇದನ್ನೆಲ್ಲ ಅಮ್ಮನಿಗೆ ಹೇಳಿ, 1930 ಅನ್ನೋ ಸೈಬರ್ ವಂಚನೆಯ ಸಹಾಯವಾಣಿ ನಂಬರನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದೆ. ಅವರು ಅದರ ಪಕ್ಕದಲ್ಲಿ ಹಾಲಿನ ಲೆಕ್ಕ ಬರೆದುಕೊಂಡಿದ್ದರು.

ಮೊನ್ನೆ ಎಂಟೂ ಮುಕ್ಕಾಲಿಗೆ, ಜಾಹೀರಾತಿನ ಹೊತ್ತಿಗೆ, ಅಮ್ಮನ ಫೋನ್ ರಿಂಗಾಯಿತು. ಸ್ಪೀಕರ್ ಆನ್ ಇತ್ತು. ಬಹಳ ವಿನಯದ ದನಿ. "ಮೇಡಂ, ನಿಮ್ಮ ಅಕೌಂಟ್ ಹ್ಯಾಕ್ ಆಗಿದೆ. ಈಗ ಒಂದು ಓಟಿಪಿ ಬರುತ್ತೆ, ಹೇಳಿದ್ರೆ ನಾವು ಸರಿ ಮಾಡ್ತೀವಿ."

ನಾನು ಸೋಫಾದಿಂದ ಅರ್ಧ ಎದ್ದಿದ್ದೆ.

"ಅಯ್ಯೋ ಹೌದೇನಪ್ಪ," ಅಂದರು ಅಮ್ಮ ಆರಾಮಾಗಿ. "ಒಂದ್ನಿಮಿಷ ಇರು. ನನ್ನ ಮಗ ದೊಡ್ಡ ಹ್ಯಾಕರ್ರು. ಹಬ್ಬದ ದಿನ ಸಿ ಡ್ರೈವಿಗೇ ನುಗ್ಗಿದ್ದ. ಅವನ ಕೈಲೇ ಮಾತಾಡು."

ಕಾಲ್ ಕಟ್ ಆಯಿತು.

ಅಮ್ಮ ಫೋನ್ ಪಕ್ಕಕ್ಕಿಟ್ಟರು. "ಎರಡೇ ಸೆಕೆಂಡು," ಅಂದರು. "ನೀನು ಕೀಬೋರ್ಡೂ ಮುಟ್ಟಲಿಲ್ಲ." ಆಮೇಲೆ ಟಿವಿ ಕಡೆ ತಿರುಗಿ, "ಸುಮ್ನಿರು ಈಗ, ಶುರುವಾಯ್ತು," ಅಂದರು.