ಗೂಡು ಕಾಯುವ ಬಾಸ್, ಗದ್ದೆ ಹತ್ತುವ ಮೀನು

ಮಳೆ ಹಿಡಿದಾಗ ಮೀನು ಮೊಟ್ಟೆಯಿಡಲು ಹೊಳೆಯಿಂದ ಗದ್ದೆಗೆ ಹತ್ತುವ ಹತ್ಮೀನಿನ ಕಾಲದಲ್ಲಿ ಕೂಣಿ (ಮೀನು ಹಿಡಿಯುವ ಬುಟ್ಟಿಯಂಥ ಬೋನು) ಇಡುವುದನ್ನು ಮಲೆನಾಡಿನವರು ಕೆಲವು ವಾರವಾದರೂ ನಿಲ್ಲಿಸಬೇಕು ಎಂದು ನಾನು ಬಾಯಿ ಬಿಟ್ಟರೆ ಸಾಕು, ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಮೊದಲು ಬರುವ ಮಾತು 'ಅಮೆರಿಕಕ್ಕೆ ಹೋಗಿ ಬುದ್ಧಿ ಕಲ್ತು ಬಂದಾನೆ' ಎಂಬುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಇದನ್ನು ಕಲಿತದ್ದು ಇಲ್ಲೇ, ಪೆನ್ಸಿಲ್ವೇನಿಯಾದ ಸಸ್ಕ್ವಿಹಾನಾ ನದಿಯ ದಂಡೆಯಲ್ಲಿ, ಸ್ಮಾಲ್‌ಮೌತ್ ಬಾಸ್ ಎಂಬ ಮೀನು ಹಿಡಿಯುತ್ತಾ. ಇಲ್ಲಿಯವರ ಎಲ್ಲ ಪದ್ಧತಿಯೂ ನನಗೆ ಒಪ್ಪಿಗೆಯಾಗಿದೆ ಎಂದಲ್ಲ. ಮೊಟ್ಟೆ ಹೊತ್ತ ಮೀನಿನ ವಿಚಾರದಲ್ಲಿ ಮಾತ್ರ ಇವರು ಸರಿ, ನಾವು ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹ್ಯಾರಿಸ್‌ಬರ್ಗ್ ಹತ್ತಿರ ಸಸ್ಕ್ವಿಹಾನಾ ಬಹಳ ಅಗಲ, ಆಳ ಕಡಿಮೆ. ಊರಿನ ಮೇಲ್ಭಾಗದಲ್ಲಿ 1902ರಲ್ಲಿ ಕಟ್ಟಿದ ರಾಕ್‌ವಿಲ್ ರೈಲು ಸೇತುವೆಯಿದೆ; ಕಲ್ಲಿನ 48 ಕಮಾನು, ಒಂದು ಕಿಲೋಮೀಟರಿಗೂ ಮೀರಿದ ಉದ್ದ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಯ ಸಾಲುಗಳು ಅಡ್ಡಡ್ಡಲಾಗಿ ಮೇಲೇಳುತ್ತವೆ. ದೋಣಿ ಇಲ್ಲದವನಿಗೆ ಹೇಳಿ ಮಾಡಿಸಿದ ಹೊಳೆ. ಹೊಸಬರು ಬಾಸ್ ನಡುಹೊಳೆಯಲ್ಲೇ ಇರುತ್ತದೆಂದು ಕೈ ಸೋಲುವಷ್ಟು ದೂರ ಎಸೆಯುತ್ತಾರೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಅದು ಎಷ್ಟೋ ಸಲ ನಮ್ಮ ಕಾಲ ಬುಡದಲ್ಲೇ ಇರುತ್ತದೆ. ಬಂಡೆಗೆ ಬಡಿದ ನೀರು ಎರಡಾಗಿ ಸೀಳಿ ಹೋಗುವಾಗ ಬಂಡೆಯ ಹಿಂದೆ ಒಂದಿಷ್ಟು ನೀರು ನಿಂತಲ್ಲೇ ಸುತ್ತುತ್ತಿರುತ್ತದೆ. ಓಡುವ ನೀರೂ ಸುತ್ತುವ ನೀರೂ ತಾಗುವ ಕಡೆ ಒಂದು ಗೆರೆ ಕಾಣುತ್ತದೆ. ಆ ಗೆರೆಯ ಒಳಮಗ್ಗುಲಲ್ಲಿ ಬಾಸ್ ಮೈ ದಣಿಸದೆ ನಿಂತು, ಹೊಳೆ ಹೊತ್ತು ತರುವುದಕ್ಕೆ ಕಾಯುತ್ತದೆ.

ಇಲ್ಲಿ ಅದಕ್ಕೆ ಬಲು ಇಷ್ಟದ ಆಹಾರ ಕ್ರೇಫಿಶ್, ಕಲ್ಲಿನಡಿ ಅಡಗಿದ್ದು ಹೆದರಿದಾಗ ಹಿಂದಕ್ಕೆ ಚಿಮ್ಮುವ ಸೀಗಡಿಯಂಥ ಪ್ರಾಣಿ. ಅದಕ್ಕೇ ಕಂದುಹಸಿರು ಬಣ್ಣದ ರಬ್ಬರ್ ಟ್ಯೂಬಿನೊಳಗೆ ಭಾರದ ತಲೆಯಿರುವ ಗಾಳ ತೂರಿಸಿ, ಹೊಳೆಯ ಮೇಲ್ಗಡೆಗೆ ಎಸೆದು, ತಳದಲ್ಲಿ ಉರುಳಿಕೊಂಡು ಬರಲು ಬಿಡುತ್ತೇವೆ. ಕಲ್ಲಿಗೆ ತಾಗಿದ್ದು ದಾರದಲ್ಲಿ ಟಕ್ ಟಕ್ ಎಂದು ಬೆರಳಿಗೆ ಗೊತ್ತಾಗುತ್ತಿರುತ್ತದೆ. ಆ ಟಕ್ ನಿಂತು ದಾರ ಸುಮ್ಮನೆ ಭಾರವಾಯಿತೋ, ಅದು ಮೀನು. ಮರುಕ್ಷಣ ಕಂಚಿನ ಬಣ್ಣದ ಮೈ, ಕೆಂಪು ಕಣ್ಣು ನೀರಿನಿಂದ ಮೇಲಕ್ಕೆ ನೆಗೆಯುತ್ತದೆ. ತುಂಗೆಯ ದಡದಲ್ಲಿ ಎರೆಹುಳ ಸಿಕ್ಕಿಸಿ ಬಿದಿರು ಕೋಲು ಹಿಡಿದು ಕೂತವರಿಗೆ ಈ ಸುಖ ಬಿಡಿಸಿ ಹೇಳಬೇಕಾಗಿಲ್ಲ.

ನೀರನ್ನು ಇಷ್ಟು ಹತ್ತಿರದಿಂದ ನೋಡುವವನ ಕಣ್ಣಿಗೆ ವಸಂತದಲ್ಲಿ ಇನ್ನೊಂದು ಬೀಳುತ್ತದೆ. ನೀರಿನ ಬಿಸಿ ಹದಿನೈದು ಹದಿನಾರು ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಗಂಡು ಬಾಸ್ ದಂಡೆಯ ಬಳಿ, ರಭಸ ಕಡಿಮೆಯಿರುವ ಕಡೆ, ಬಾಲದಿಂದ ಹೂಳು ಗುಡಿಸಿ ಜಲ್ಲಿಕಲ್ಲನ್ನು ಚೊಕ್ಕ ಮಾಡುತ್ತದೆ. ಪಾಚಿಗಟ್ಟಿದ ತಳದ ನಡುವೆ ದೊಡ್ಡ ಮೊರದಷ್ಟಗಲದ ಬೆಳ್ಳನೆಯ ಗುಂಡು ಜಾಗ. ಹೆಣ್ಣು ಬಂದು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಆಮೇಲಿನದೆಲ್ಲ ಗಂಡಿನ ಪಾಲು. ರೆಕ್ಕೆ ಆಡಿಸಿ ಮೊಟ್ಟೆಯ ಮೇಲೆ ಹೊಸ ನೀರು ಹರಿಸುವುದು, ಹತ್ತಿರ ಬಂದವರನ್ನು ಅಟ್ಟುವುದು, ಮರಿಗಳು ಗೂಡು ಬಿಟ್ಟು ಮೇಲೆದ್ದ ಮೇಲೂ ಅವುಗಳ ಸುತ್ತ ಕಾವಲು ತಿರುಗುವುದು. ಆ ದಿನಗಳಲ್ಲಿ ಅದು ಸರಿಯಾಗಿ ತಿನ್ನುವುದೂ ಇಲ್ಲ. ಆದರೆ ಗೂಡಿನ ಬಳಿ ಏನು ಬಿದ್ದರೂ ನುಗ್ಗಿ ಕಚ್ಚುತ್ತದೆ. ವರ್ಷದಲ್ಲಿ ಅಷ್ಟು ಸಲೀಸಾಗಿ ಬಾಸ್ ಸಿಗುವ ಕಾಲ ಇನ್ನೊಂದಿಲ್ಲ. ಅದನ್ನು ಎತ್ತಿದ ಕೆಲವೇ ನಿಮಿಷದಲ್ಲಿ, ಹೊಂಚು ಹಾಕಿದ್ದ ಸಣ್ಣ ಮೀನುಗಳು ಮೊಟ್ಟೆಗೆ ಬಾಯಿ ಹಾಕುತ್ತವೆ. ಎಷ್ಟೇ ಜೋಪಾನವಾಗಿ ವಾಪಸ್ ಬಿಟ್ಟರೂ ಅದು ತಿರುಗಿ ಬರುವಷ್ಟರಲ್ಲಿ ಗೂಡು ಬರಿದಾಗಿರಬಹುದು.

ಅದಕ್ಕೇ ಪೆನ್ಸಿಲ್ವೇನಿಯಾದಲ್ಲಿ ಒಂದು ನಿಯಮವಿದೆ: ಬಾಸ್ ಗೂಡು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದರೆ ಅದರೊಳಗೆ ಮತ್ತೆ ಮತ್ತೆ ಗಾಳ ಎಸೆಯುವಂತಿಲ್ಲ. ನನಗೆ ಈ ನಿಯಮದ ಮೇಲೆ ವಿಶೇಷ ಗೌರವ, ಏಕೆಂದರೆ ಇದನ್ನು ಪಾಲಿಸಬೇಕಾದವನು ದಂಡೆಯಲ್ಲಿ ಒಬ್ಬನೇ ನಿಂತಿರುತ್ತಾನೆ. ನೋಡುವವರು ಯಾರೂ ಇರುವುದಿಲ್ಲ. ನಮ್ಮ ಹೊಳೆಯ ಪಾಡು ಕೆಟ್ಟಾಗ ನಿಯಮ ಇನ್ನೂ ಬಿಗಿಯಾಯಿತು. 2005ರ ಬೇಸಿಗೆಯಲ್ಲಿ ಸಸ್ಕ್ವಿಹಾನಾದ ಬಾಸ್ ಮರಿಗಳು ಮೈಮೇಲೆ ಬಿಳಿ ಹುಣ್ಣಾಗಿ ರಾಶಿ ರಾಶಿ ಸತ್ತವು. ಮುಂದಿನ ವರ್ಷಗಳಲ್ಲೂ ಹಾಗೇ ಆಗಿ ದೊಡ್ಡ ಮೀನುಗಳ ಸಂಖ್ಯೆಯೂ ಕುಸಿಯಿತು. 2011ರಲ್ಲಿ ರಾಜ್ಯದ ಫಿಶ್ ಅಂಡ್ ಬೋಟ್ ಕಮಿಷನ್ ಸನ್‌ಬರಿಯಿಂದ ಹೋಲ್ಟ್‌ವುಡ್ ಅಣೆಕಟ್ಟೆಯವರೆಗೆ, ಸುಮಾರು 98 ಮೈಲಿ ಉದ್ದಕ್ಕೂ, ಹಿಡಿದ ಬಾಸನ್ನು ಆಗಲೇ ಬಿಡಬೇಕು ಎಂದಿತು. ಅದರ ಬೆನ್ನಿಗೇ, ಮೇ ತಿಂಗಳು ಮತ್ತು ಜೂನಿನ ಮೊದಲ ಭಾಗದಲ್ಲಿ ಅಲ್ಲಿ ಬಾಸ್‌ಗೆಂದು ಗಾಳ ಹಾಕುವುದನ್ನೇ ನಿಲ್ಲಿಸಿದರು. ಬಾಸ್ ಚೇತರಿಸಿಕೊಂಡಿದೆ. ಚೇತರಿಕೆಗೆಲ್ಲ ಈ ನಿಯಮವೇ ಕಾರಣ ಎಂದು ನಾನು ಹೇಳಲಾರೆ. ರೋಗದ ಹಿಂದೆ ರೋಗಾಣುಗಳ ಜೊತೆಗೆ ಹೊಲಗಳಿಂದ ಹರಿದು ಬಂದ ಕಳೆನಾಶಕಗಳು, ಹಾರ್ಮೋನು ಕೆಡಿಸುವ ರಾಸಾಯನಿಕಗಳು ಇರುವ ಸಂಭವ ಹೆಚ್ಚು ಎಂದು 2015ರ ಹೊತ್ತಿಗೆ ಪರಿಣತರು ತೀರ್ಮಾನಿಸಿದ್ದರು. ಅಡಿಕೆ ತೋಟಕ್ಕೆ ಮಳೆ ಹಿಡಿಯುವ ಮುಂಚೆ ತಾಮ್ರವಿರುವ ಬೋರ್ಡೋ ದ್ರಾವಣ ಹೊಡೆಯುವ ನಮ್ಮವರು ಇದನ್ನು ಗಮನಿಸಬೇಕು. ತಾಮ್ರ ಮೀನಿಗೆ ವಿಷ, ತೋಟದ ನೀರೆಲ್ಲ ಇಳಿಯುವುದು ಅದೇ ಹಳ್ಳಕ್ಕೆ.

ಈಗ ಮಲೆನಾಡಿಗೆ ಬನ್ನಿ. ಮೃಗಶಿರಾ ಮಳೆ ಹಿಡಿದು, ಹಳ್ಳ ಕೆಂಪಗೆ ತುಂಬಿ ಹೊಳೆಗೆ ಸೇರಿದ ರಾತ್ರಿ, ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನು ಹೊಳೆ ಬಿಟ್ಟು ಹಳ್ಳಕ್ಕೆ, ಹಳ್ಳ ಬಿಟ್ಟು ಗದ್ದೆಗೆ ಹತ್ತುತ್ತದೆ. ಮರಿಗಳಿಗೆ ಅಲ್ಲಿ ತೆಳು ನೀರು, ಹುಳ ಹುಪ್ಪಟೆ, ದೊಡ್ಡ ಮೀನಿನ ಕಾಟ ಇಲ್ಲ. ನಾವು ಮಾಡುವುದೇನು? ಗದ್ದೆಯಂಚಿನ ಕಂಡಿಗೆ ಕೂಣಿ ಇಡುತ್ತೇವೆ. ಟಾರ್ಚು, ಕತ್ತಿ ಹಿಡಿದು ಮೊಣಕಾಲುದ್ದದ ನೀರಲ್ಲಿ ಕಡಿಯುತ್ತೇವೆ. ಆ ರಾತ್ರಿಯ ಸಂಭ್ರಮ ನನಗೂ ಗೊತ್ತು. ಕಂಬಳಿಕೊಪ್ಪೆ ಹಾಕಿಕೊಂಡು ದೊಡ್ಡವರ ಹಿಂದೆ ಓಡಿದ್ದೇನೆ, ಮಾರನೆಯ ದಿನದ ಹುಳಿ ಸಾರು ಉಂಡಿದ್ದೇನೆ, ಸಾರಿಗೆ ಹಾಕಿದ ಮೊಟ್ಟೆಗಟ್ಟಿಗಾಗಿ ಅಣ್ಣತಮ್ಮಂದಿರು ಜಗಳವಾಡಿದ್ದೇವೆ. ಮೊದಲು ಇದು ನಡೆಯುತ್ತಿತ್ತು, ಮೀನೂ ಉಳಿಯುತ್ತಿತ್ತು. ಆಗ ಗದ್ದೆಗಳಿದ್ದವು. ಈಗ ಎಷ್ಟೋ ಗದ್ದೆ ತೋಟವಾಗಿದೆ, ಹಳ್ಳಕ್ಕೆ ಅಡ್ಡ ಕಟ್ಟೆ ಬಂದಿದೆ. ಹತ್ತುವ ದಾರಿ ಉಳಿದಿರುವುದೇ ಕೆಲವು. ಅಷ್ಟಕ್ಕೂ ಕೂಣಿ ಇಟ್ಟರೆ ಮೀನು ಎಲ್ಲಿಗೆ ಹೋಗಬೇಕು?

ಇಲ್ಲಿ ನನ್ನನ್ನು ಹೆಚ್ಚು ಕಾಡುವ ವಿಷಯ ಬೇರೆ. ಈ ಬಾಸ್ ಸಸ್ಕ್ವಿಹಾನಾದ ಮೂಲ ಮೀನೇ ಅಲ್ಲ. ಅದರ ತವರು ಮಹಾಸರೋವರಗಳ ಸೀಮೆ, ಒಹಾಯೊ, ಮಿಸಿಸಿಪಿ ಕಡೆಯ ನೀರು. ಪಕ್ಕದ ಪೊಟೋಮ್ಯಾಕ್‌ಗೆ 1854ರಲ್ಲಿ ಉಗಿಬಂಡಿಯ ನೀರಿನ ತೊಟ್ಟಿಯಲ್ಲಿಟ್ಟು ತಂದು ಬಿಟ್ಟರು. ಸಸ್ಕ್ವಿಹಾನಾಕ್ಕೂ ಹಾಗೇ ಮನುಷ್ಯರ ಕೈಯಿಂದಲೇ ಬಂದದ್ದು. ಹೊರಗಿನಿಂದ ತಂದ ಮೀನಿಗೆ ಇವರು ಇಷ್ಟು ಕಾಳಜಿ ಮಾಡುತ್ತಾರೆ. ನಮ್ಮ ಹಳ್ಳಗಳಲ್ಲಿ ಹತ್ತುವ ಮೀನುಗಳಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಜಾತಿಗಳಿವೆ. ಕಾವೇರಿಯ ಕಥೆ ನೋಡಿ. ಅಲ್ಲಿಯ ಗೂನುಬೆನ್ನಿನ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ. ಅಷ್ಟರಲ್ಲಿ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೊಳೆ ತುಂಬಿಕೊಂಡು, ಮೂಲದ್ದು ಅಳಿವಿನ ಅಂಚಿಗೆ ಬಂದಿತ್ತು.

ಇನ್ನು ಹಿಡಿದು ಬಿಡುವ ಪದ್ಧತಿ. ಅಮ್ಮನಿಗೆ ಫೋನಿನಲ್ಲಿ ಮೀನಿನ ಫೋಟೋ ಕಳಿಸಿದರೆ ಅವಳು ಕೇಳುವುದು ಒಂದೇ: "ತಿನ್ನೋದಿಲ್ಲ ಅಂದ್ಮೇಲೆ ಅದರ ಬಾಯಿ ಯಾಕೆ ಹರೀತೀಯಾ ಮಾರಾಯ?" ಈ ಪ್ರಶ್ನೆಗೆ ಇಲ್ಲಿಯ ಗೆಳೆಯರ ಬಳಿ ಒಳ್ಳೆಯ ಉತ್ತರವಿಲ್ಲ, ನನ್ನ ಬಳಿಯೂ ಇಲ್ಲ. ಊಟಕ್ಕೆಂದು ಒಂದು ಮೀನು ಹಿಡಿದು ಕೋಲು ಮಡಚಿ ಮನೆಗೆ ಹೋಗುವವನು, ಬಿಡುತ್ತೇನೆಂಬ ಧೈರ್ಯದಲ್ಲಿ ದಿನವಿಡೀ ಹಿಡಿಯುವವನಿಗಿಂತ ಹೊಳೆಗೆ ಕಡಿಮೆ ನೋವು ಕೊಡುತ್ತಾನೆ ಎಂದೇ ನಾನು ನಂಬುತ್ತೇನೆ. ಬಿಡುವುದಾದರೆ ಸರಿಯಾಗಿ ಬಿಡಬೇಕು. ಗಾಳದ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಟ್ಟುಕೊಂಡರೆ ಸಲೀಸಾಗಿ ಕಳಚುತ್ತದೆ. ಒಣಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗುತ್ತದೆ, ಅದಕ್ಕೇ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಬಿಸಿ ಕಲ್ಲಿನ ಮೇಲೆ ಮಲಗಿಸಿ ಫೋಟೋ ತೆಗೆಯಬಾರದು. ಜುಲೈ ಕೊನೆಯ ಸೆಕೆಗೆ ನೀರು ಬೆಚ್ಚಗಾಗಿ ಪ್ರಾಣವಾಯು ಕಡಿಮೆಯಾದಾಗ ಬಿಟ್ಟ ಮೀನೂ ಸಾಯಬಹುದು. ಆಗ ಮಧ್ಯಾಹ್ನ ಹೊಳೆಗೆ ಹೋಗದಿರುವುದೇ ಲೇಸು. ಇಷ್ಟೆಲ್ಲ ನೋಡಿದ ಮೇಲೂ, ಊರಿನವರು ಹಿಡಿದದ್ದನ್ನು ಬಿಡಲಿ ಎಂದು ನಾನು ಕೇಳುವುದಿಲ್ಲ. ಹಿಡಿಯಲಿ, ತಿನ್ನಲಿ. ಮೊಟ್ಟೆಯ ಕಾಲ ಒಂದನ್ನು ಬಿಡಲಿ.

ಮೀನನ್ನು ಮುಟ್ಟದೆ ಇರುವುದು ನಮಗೇನು ಹೊಸದೇ? ಶೃಂಗೇರಿಯ ಮೆಟ್ಟಿಲ ಬಳಿ, ತೀರ್ಥಹಳ್ಳಿಯ ಹತ್ತಿರ ಚಿಬ್ಬಲಗುಡ್ಡೆಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಮೊಳದುದ್ದದ ಮಹಶೀರ್‌ಗಳು ಜನ ಎಸೆದ ಮಂಡಕ್ಕಿಗೆ ಮೇಲೆ ಬರುತ್ತವೆ. ಹೆದರುವುದಿಲ್ಲ. ಅಲ್ಲಿ ಕಾವಲು ದೇವರದು, ಭಯಭಕ್ತಿಯದು. ಅಮೆರಿಕದ ಯಾವ ಕಮಿಷನ್ನಿಗೂ ಇಂಥ ಪಾಲನೆ ಪುಕ್ಕಟೆಯಾಗಿ ಸಿಗುವುದಿಲ್ಲ. ಇಲ್ಲಿ 16 ತುಂಬಿದವರೆಲ್ಲ ಲೈಸೆನ್ಸ್ ಮಾಡಿಸಬೇಕು. 1950ರ ಒಂದು ಕಾಯ್ದೆಯಂತೆ ರಾಡು, ರೀಲು, ಗಾಳದ ಮೇಲೆ 10% ತೆರಿಗೆ ಹಾಕಿ ಆ ದುಡ್ಡನ್ನು ಮೀನಿನ ಕೆಲಸಕ್ಕೇ ರಾಜ್ಯಗಳಿಗೆ ಹಂಚುತ್ತಾರೆ. ಒಳ್ಳೆಯ ಏರ್ಪಾಡು, ನಮ್ಮಲ್ಲೂ ಬರಲಿ. ಆದರೆ ದೇವಸ್ಥಾನದ ಕಾವಲು ದೇವಸ್ಥಾನದ ಗುಂಡಿಗೆ ಮಾತ್ರ. ಅದೇ ಮೀನು ಮಳೆಗಾಲದಲ್ಲಿ ಮರಿ ಮಾಡಲು ಮೇಲಿನ ನೀರಿಗೆ ಹೊರಟರೆ, ಗಡಿ ದಾಟಿದ ಕೂಡಲೇ ಬಲೆ, ಕೆಲವು ಕಡೆ ಸಿಡಿಮದ್ದು. ದೇವರ ಮೀನಿನ ಮರಿಗಳು ಹುಟ್ಟುವ ಹಳ್ಳವೂ ದೇವರದ್ದೇ ಅಲ್ಲವೇ ಎಂದು ನಮ್ಮ ದೇವಸ್ಥಾನಗಳವರು ಹೇಳಿದರೆ, ಸರ್ಕಾರಿ ಸುತ್ತೋಲೆಗಿಂತ ಹೆಚ್ಚು ಜನ ಕೇಳುತ್ತಾರೆ.

ಹೋದ ಸಲ ಊರಿಗೆ ಹೋದಾಗ ಚಿಕ್ಕಪ್ಪನ ಹತ್ತಿರ ಇದನ್ನೇ ಮಾತಾಡಿದೆ. ಅವರು ಸಿಟ್ಟಾಗಲಿಲ್ಲ. "ನಾವು ಕೂಣಿ ಇಡೋದು ಬಿಟ್ರೆ ಕೆಳಗಿನ ಮನೆಯವ್ರು ಬಿಡ್ತಾರೇನೋ? ಅಲ್ಲೇ ಹಿಡಿದು ಮುಗಿಸ್ತಾರೆ, ನಮ್ಮ ಗದ್ದೆಗೆ ಹತ್ತೋಕೆ ಮೀನೇ ಇರಲ್ಲ" ಎಂದರು. ಸರಿಯಾದ ಮಾತು. ಸಸ್ಕ್ವಿಹಾನಾದಲ್ಲಿ ಒಂದೂರಿಗೆ ಒಂದು ನಿಯಮ ಮಾಡದೆ 98 ಮೈಲಿಗೂ ಒಂದೇ ಮಾಡಿದ್ದು ಇದಕ್ಕೇ. ನಮ್ಮಲ್ಲಿ ಹಾಗೆ ದೊಡ್ಡದಾಗಿ ಶುರು ಮಾಡಬೇಕಿಲ್ಲ. ಒಂದು ಹಳ್ಳ, ಅದು ಹೊಳೆಗೆ ಸೇರುವ ಜಾಗದಿಂದ ಮೇಲಿನ ಕೊನೆಯ ಗದ್ದೆಯವರೆಗೆ ಇರುವ ಮನೆಗಳು ಒಂದು ಮಳೆಗಾಲಕ್ಕೆ ಒಪ್ಪಿದರೆ ಸಾಕು: ಮೃಗಶಿರಾ, ಆರಿದ್ರಾ ಎರಡು ಮಳೆ ಮುಗಿಯುವವರೆಗೆ ಕೂಣಿ ಅಟ್ಟದ ಮೇಲಿರಲಿ, ಆಮೇಲೆ ಗದ್ದೆಯಿಂದ ಹೊಳೆಗೆ ಇಳಿಯುವ ಮೀನಿನಲ್ಲಿ ಬೇಕಾದಷ್ಟು ಹಿಡಿಯಲಿ. ಚಿಕ್ಕಪ್ಪ ಕೆಳಗಿನ ಮನೆಯವರನ್ನು ಕೇಳಿ ನೋಡುತ್ತೇನೆ ಎಂದಿದ್ದಾರೆ.