ಇಲಿ ಕೊಂದವರ ಪರವಾಗಿ

ಸಮುದ್ರದ ನಡುವೆ ಚೂಪಾಗಿ ಎದ್ದು ನಿಂತ ಒಂದು ಬೋಳು ಬಂಡೆ. ಅದರ ಸೀಳಿನಲ್ಲಿ ಒಂದು ಪೊದೆ. ಆ ಪೊದೆಯಲ್ಲಿ ಜಗತ್ತಿನಲ್ಲೇ ಕೊನೆಯದಾಗಿ ಉಳಿದ 24 ಕಡ್ಡಿ ಹುಳುಗಳು. ಈ ವಿಡಿಯೋ ಆಗಾಗ ಎಲ್ಲರ ಫೋನಿಗೂ ಬಂದೇ ಬರುತ್ತದೆ. ಕೆಳಗೆ ಕಾಮೆಂಟುಗಳೂ ಅವವೇ. 'ಪ್ರಕೃತಿ ತನ್ನ ದಾರಿ ತಾನೇ ನೋಡಿಕೊಳ್ಳುತ್ತೆ', 'ಬದುಕುವ ಯೋಗ ಇತ್ತು, ಬದುಕಿದವು'. ಓದಿದಾಗಲೆಲ್ಲ ನನಗೆ ರೇಗುತ್ತದೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಪುರುಸೊತ್ತಿದ್ದವರು ಓದಿ.

ಆ ಬಂಡೆಯ ಹೆಸರು ಬಾಲ್ಸ್ ಪಿರಮಿಡ್. ಎತ್ತರ ಐನೂರೈವತ್ತು ಮೀಟರಿಗೂ ಜಾಸ್ತಿ. ಅಲ್ಲಿಂದ 23 ಕಿಲೋಮೀಟರ್ ದೂರದಲ್ಲಿ ಲಾರ್ಡ್ ಹೌ ಅನ್ನುವ ದ್ವೀಪ ಇದೆ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಿಂದ ಸುಮಾರು 600 ಕಿಲೋಮೀಟರ್ ಆಚೆ. ಉದ್ದ ಹತ್ತು ಕಿಲೋಮೀಟರ್, ಅಗಲ ಜಾಸ್ತಿ ಅಂದರೆ ಎರಡು. ಬಂಡೆ, ದ್ವೀಪ ಎರಡೂ ಹಳೇ ಜ್ವಾಲಾಮುಖಿಯ ಅಳಿದುಳಿದ ಭಾಗಗಳು. ದ್ವೀಪದ ತೆಂಕಣ ತುದಿಯಲ್ಲಿ ಎರಡು ಬೆಟ್ಟ, ಅದರಲ್ಲಿ ಗೋವರ್ ಬೆಟ್ಟ 875 ಮೀಟರ್. ಪಶ್ಚಿಮಕ್ಕೆ ಹವಳದ ದಿಬ್ಬ ತಡೆದು ನಿಲ್ಲಿಸಿದ ನೀಲಿ ನೀರು. ಅಲ್ಲಿರುವುದು ನಾನೂರು ಚಿಲ್ಲರೆ ಜನ. ಒಂದು ಹೊತ್ತಿಗೆ 400ಕ್ಕಿಂತ ಜಾಸ್ತಿ ಪ್ರವಾಸಿಗರನ್ನು ಬಿಡುವುದಿಲ್ಲ. 1982ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ.

ಅಲ್ಲಿಗೆ ಮನುಷ್ಯ ಕಾಲಿಟ್ಟಿದ್ದು ತೀರಾ ಇತ್ತೀಚೆಗೆ. 1788ರಲ್ಲಿ 'ಸಪ್ಲೈ' ಅನ್ನುವ ಬ್ರಿಟಿಷ್ ಹಡಗು ಕೈದಿಗಳನ್ನು ಹೊತ್ತು ನಾರ್ಫೋಕ್ ದ್ವೀಪಕ್ಕೆ ಹೋಗುತ್ತಿತ್ತು. ದಾರಿಯಲ್ಲಿ ಇದು ಕಣ್ಣಿಗೆ ಬಿತ್ತು. ಹಡಗಿನ ಅಧಿಕಾರಿ ಹೆನ್ರಿ ಲಿಡ್ಜ್‌ಬರ್ಡ್ ಬಾಲ್. ಬಂಡೆಗೂ ಅವನ ಹೆಸರೇ, ಎರಡನೇ ಬೆಟ್ಟಕ್ಕೂ ಅವನ ಹೆಸರೇ. ಮೊದಲು ನೋಡಿದವನಿಗೆ ಎಲ್ಲವೂ ಸಿಗುತ್ತದೆ, ಇರಲಿ. ಅದಕ್ಕೂ ಮುಂಚೆ ಅಲ್ಲಿ ಯಾರಾದರೂ ಬಾಳಿದ್ದರು ಅನ್ನುವುದಕ್ಕೆ ಗುರುತೇ ಸಿಕ್ಕಿಲ್ಲ. ಬಾವಲಿ ಬಿಟ್ಟರೆ ಹಾಲುಣಿಸುವ ಪ್ರಾಣಿ ಒಂದೂ ನೆಲದ ಮೇಲೆ ಇರಲಿಲ್ಲ. ಹಿಡಿದು ತಿನ್ನುವವರೇ ಇಲ್ಲ ಅಂದಮೇಲೆ ಹಕ್ಕಿಗಳಿಗೆ ಹೆದರಿಕೆ ಎಲ್ಲಿಂದ ಬರಬೇಕು? ನಾವಿಕರು ಇಳಿದು ಕೋಲಿನಲ್ಲಿ ಹೊಡೆದು ಹೊಡೆದು ಹಾಕಿದರು. ಹಕ್ಕಿಗಳು ಓಡಲೂ ಇಲ್ಲ. ಬಿಳಿ ಬಣ್ಣದ ಒಂದು ದೊಡ್ಡ ನೀರುಕೋಳಿ ಇತ್ತಂತೆ. ಇವತ್ತು ಅದರದ್ದು ಅಂತ ಉಳಿದಿರುವುದು ಮ್ಯೂಸಿಯಮ್ಮುಗಳಲ್ಲಿ ಎರಡು ತೊಗಲು, ಆಗಿನವರು ಬರೆದ ಕೆಲವು ಚಿತ್ರ, ಹೆಚ್ಚುಕಮ್ಮಿ ಅಷ್ಟೇ.

ಗೋವರ್ ಬೆಟ್ಟದ ತುದಿಯಲ್ಲಿ ಒಂದು ಕಡಲಹಕ್ಕಿ ಗೂಡು ಮಾಡುತ್ತದೆ. ಪ್ರಾವಿಡೆನ್ಸ್ ಪೆಟ್ರೆಲ್ ಅಂತ. ನೀವು ನಿಂತು ಜೋರಾಗಿ ಕೂಗಿದರೆ ಸಾಕು, ಆಕಾಶದಿಂದ ಧಪ್ಪನೆ ಕಾಲಬುಡಕ್ಕೇ ಬಂದು ಬೀಳುತ್ತದೆ. ಕೈಗೆತ್ತಿಕೊಂಡರೂ ಸುಮ್ನೆ ನೋಡುತ್ತಾ ಕೂರುತ್ತದೆ. ಇದೇ ಹಕ್ಕಿ ಹಿಂದೆ ನಾರ್ಫೋಕ್ ದ್ವೀಪದಲ್ಲೂ ಲಕ್ಷಗಟ್ಟಲೆ ಇತ್ತು. 1790ರಲ್ಲಿ ಅಲ್ಲಿ ಹಡಗು ಒಡೆದು ಊಟಕ್ಕೆ ತತ್ವಾರವಾದಾಗ ಕೆಲವೇ ತಿಂಗಳಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಹಕ್ಕಿ ಕೊಂದು ತಿಂದರು. ಹಸಿದವರನ್ನು ನಾನು ಬೈಯುವುದಿಲ್ಲ. ಆದರೆ ಮುಂದಿನ ಕೆಲವೇ ವರ್ಷಗಳಲ್ಲಿ ಆ ದ್ವೀಪದಲ್ಲಿ ಪೆಟ್ರೆಲ್ ಹೇಳಹೆಸರಿಲ್ಲದಂತೆ ಹೋಯಿತು.

ಲಾರ್ಡ್ ಹೌನಲ್ಲಿ ಜನ ನೆಲೆ ನಿಂತದ್ದು 1834ರಲ್ಲಿ. ಜೊತೆಗೆ ಹಂದಿ, ಮೇಕೆ, ಬೆಕ್ಕು ಬಂದವು. ಆಮೇಲೆ ಸುಂಡಿಲಿ. ತೋಟಕ್ಕೆ ದಾಳಿ ಇಡುತ್ತವೆ ಅಂತ ಅಲ್ಲಿನ ಗಿಳಿಗಳನ್ನು ಗುಂಡಿಟ್ಟು ಮುಗಿಸಿದರು. ಇಷ್ಟಾದರೂ ಕಾಡು ಹೇಗೋ ತಡೆದುಕೊಂಡಿತ್ತು. ದೊಡ್ಡ ಇಲಿ ಇನ್ನೂ ಬಂದಿರಲಿಲ್ಲ.

1918ರ ಜೂನ್‌ನಲ್ಲಿ 'ಮಕಾಂಬೊ' ಅನ್ನುವ ಉಗಿಹಡಗು ನೆಡ್ಸ್ ಬೀಚ್ ಹತ್ತಿರ ತಳ ತಾಗಿ ನಿಂತಿತು. ರಿಪೇರಿಗೆ ಕೆಲವು ದಿನ ಹಿಡಿಯಿತು. ಅಷ್ಟರಲ್ಲಿ ಹಡಗಿನ ಕಪ್ಪು ಇಲಿಗಳು ದಡ ಸೇರಿದವು. ಸರಿಯಾಗಿದ್ದೇ ಹಡಗು ಹೊರಟುಹೋಯಿತು, ಇಲಿಗಳು ಉಳಿದುಕೊಂಡವು. ಮುಂದಿನ ಹತ್ತು ವರ್ಷದೊಳಗೆ ಈ ದ್ವೀಪಕ್ಕೇ ಸೇರಿದ್ದ ಐದು ಬಗೆಯ ಹಕ್ಕಿಗಳು ಮುಗಿದವು. ಒಂದು ಥ್ರಶ್, ಬೀಸಣಿಗೆ ಬಾಲದ ಒಂದು ಪುಟ್ಟ ಹಕ್ಕಿ, ಒಂದು ಬೆಳ್ಗಣ್ಣ, ಎಲೆಸಂದಿಯಲ್ಲಿ ಹುಳ ಹೆಕ್ಕುವ ಗೆರಿಗೋನ್, ಮೈನಾ ಬಳಗದ ಒಂದು ಹಕ್ಕಿ. ಇವುಗಳಲ್ಲಿ ಯಾವುದಕ್ಕೂ ಪ್ರಕೃತಿ ದಾರಿ ಹುಡುಕಿಕೊಡಲಿಲ್ಲ.

ಇಲಿಯ ಬಾಲ ತಂದವರಿಗೆ ಕಾಸು ಕೊಟ್ಟು ನೋಡಿದರು. ಆಗಲಿಲ್ಲ. ಇಲಿ ಹಿಡಿಯಲಿ ಅಂತ ಹೊರಗಿಂದ ಗೂಬೆ ತಂದು ಬಿಟ್ಟರು. ಗೂಬೆ ಇಲಿಯನ್ನೂ ತಿಂದಿತು, ಉಳಿದಿದ್ದ ಹಕ್ಕಿಗಳನ್ನೂ ತಿಂದಿತು.

ಕಡ್ಡಿ ಹುಳುವಿನ ಕಥೆಯೂ ಇಲ್ಲೇ ಬರುತ್ತದೆ. ಹೆಸರು ಕಡ್ಡಿ, ಆದರೆ ನೋಡಲು ಕಡ್ಡಿಯ ಹಾಗೇನೂ ಇಲ್ಲ. ಹೆಣ್ಣು ಹುಳು ನಮ್ಮ ಅಂಗೈಗಿಂತ ಉದ್ದ ಬೆಳೆಯುತ್ತದೆ. ಮಿರಮಿರ ಮಿಂಚುವ ಕಪ್ಪು ಮೈ, ರೆಕ್ಕೆ ಇಲ್ಲ. ಗಂಡಿನ ಹಿಂಗಾಲುಗಳು ದಪ್ಪ, ಅದರ ತುಂಬ ಮುಳ್ಳು. ಮರಿಗಳು ಹಸಿರು, ಹಗಲು ಓಡಾಡುತ್ತವೆ. ದೊಡ್ಡವಾಗುತ್ತಾ ಕಪ್ಪಾಗುತ್ತವೆ, ರಾತ್ರಿ ಮಾತ್ರ ಹೊರಗೆ ಬರುತ್ತವೆ. ಹಗಲು ಗಂಡು ಹೆಣ್ಣು ಜೊತೆಯಾಗಿ ಪೊಟರೆಯಲ್ಲಿ ಮಲಗುತ್ತವೆ, ಗಂಡು ತನ್ನ ಒಂದು ಕಡೆಯ ಮೂರೂ ಕಾಲುಗಳನ್ನು ಹೆಣ್ಣಿನ ಮೇಲೆ ಹಾಕಿಕೊಂಡು. ಒಂದು ಕಾಲದಲ್ಲಿ ಮೀನುಗಾರರು ಗಾಳಕ್ಕೆ ಇವನ್ನೇ ಚುಚ್ಚುತ್ತಿದ್ದರು, ಅಷ್ಟು ಸಿಗುತ್ತಿದ್ದವು. ಇಲಿ ಬಂದು ಎರಡೇ ವರ್ಷದಲ್ಲಿ, 1920ರ ಹೊತ್ತಿಗೆ, ದ್ವೀಪದಲ್ಲಿ ಒಂದೂ ಕಾಣದಾಯಿತು.

1964ರಲ್ಲಿ ಬಾಲ್ಸ್ ಪಿರಮಿಡ್ ಹತ್ತಲು ಹೋದವರಿಗೆ ಸತ್ತ ಹುಳು ಒಂದು ಸಿಕ್ಕಿತು. ಜೀವಂತ ಸಿಕ್ಕಿದ್ದು 2001ರಲ್ಲಿ. ನಿಕೋಲಸ್ ಕಾರ್ಲೈಲ್, ಡೇವಿಡ್ ಪ್ರಿಡೆಲ್ ಅವರ ತಂಡ ಹಗಲು ಹತ್ತಿ ಹುಡುಕಿದರೆ ಹುಳು ಕಾಣಲಿಲ್ಲ. ಮೆಲಲೂಕ ಅನ್ನುವ ಪೊದೆಯ ಕೆಳಗೆ ದಪ್ಪ ದಪ್ಪ ಹಿಕ್ಕೆ ಮಾತ್ರ ಕಂಡಿತು. ಹುಳು ಹೊರಬರುವುದು ರಾತ್ರಿಯಲ್ಲವಾ? ಕಾರ್ಲೈಲ್ ಮತ್ತು ದ್ವೀಪದ ರೇಂಜರ್ ಒಬ್ಬರು ಕತ್ತಲಾದ ಮೇಲೆ ಟಾರ್ಚ್ ಹಿಡಿದು ಮತ್ತೆ ಆ ಬಂಡೆ ಹತ್ತಿದರು. ಆಗ ಕಂಡವು. ಮರುವರ್ಷ ಎಣಿಸಿದಾಗ 24.

ವಿಡಿಯೋಗಳೆಲ್ಲ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ, ಹಿಂದೆ ಒಂದು ಪಿಯಾನೋ ಸಂಗೀತ ಹಾಕಿ. ನನ್ನ ಪ್ರಕಾರ ಕಥೆ ಶುರುವಾಗುವುದೇ ಇಲ್ಲಿಂದ.

ಈ ಹುಳುಗಳು ಉಳಿದದ್ದು ಅವುಗಳ ಜಾಣತನದಿಂದ ಏನಲ್ಲ. ಯಾವುದೋ ಕಾಲದಲ್ಲಿ, ಹೇಗೋ, ಕೆಲವು ಆ ಬಂಡೆ ಸೇರಿದ್ದವು. ನಡುವೆ 23 ಕಿಲೋಮೀಟರ್ ನೀರಿತ್ತು, ಇಲಿ ದಾಟಲಿಲ್ಲ. ಥ್ರಶ್‌ಗೆ ಅಂಥ ಒಂದು ಬಂಡೆ ಇರಲಿಲ್ಲ, ಸತ್ತಿತು. ಇದರಲ್ಲಿ ಪ್ರಕೃತಿಯ ವಿವೇಕ ನನಗಂತೂ ಕಾಣುವುದಿಲ್ಲ. ಶುದ್ಧ ಅದೃಷ್ಟ.

ಆಮೇಲೆ ನಡೆದದ್ದು ಮಾತ್ರ ಅದೃಷ್ಟದ್ದಲ್ಲ. ಅನುಮತಿ ಸಿಗುವಷ್ಟರಲ್ಲಿ 2003 ಬಂತು. ಎರಡು ಜೋಡಿ ಹಿಡಿದು ತಂದರು. ಒಂದು ಜೋಡಿ ಕೆಲವೇ ವಾರದಲ್ಲಿ ಸತ್ತಿತು. ಇನ್ನೊಂದು ಮೆಲ್ಬರ್ನ್ ಮೃಗಾಲಯಕ್ಕೆ ಹೋಯಿತು. ಆ ಹೆಣ್ಣೂ ಕಾಯಿಲೆ ಬಿದ್ದಿತು. ನೋಡಿಕೊಳ್ಳುತ್ತಿದ್ದ ಪ್ಯಾಟ್ರಿಕ್ ಹೋನನ್ ಕ್ಯಾಲ್ಸಿಯಂ ಮತ್ತು ಮಕರಂದ ಕಲಸಿ ಹನಿ ಹನಿಯಾಗಿ ಅದರ ಬಾಯಿಗೆ ಹಾಕಿದರು. ಬದುಕಿಕೊಂಡಿತು, ಮೊಟ್ಟೆ ಇಟ್ಟಿತು. ಈಗ ಸಾವಿರಾರು ಹುಳು ಹುಟ್ಟಿವೆ. ಇದು ಬೇರೆಯದೇ ಹುಳು ಇರಬಹುದಾ ಅಂತ ಅನುಮಾನ ಇದ್ದವರಿಗೆ 2017ರಲ್ಲಿ ಮ್ಯೂಸಿಯಮ್ಮಿನ ಹಳೇ ಮಾದರಿಗಳ ಡಿಎನ್ಎ ಹೋಲಿಸಿ ತೋರಿಸಿದರು. ಅದೇ ಜಾತಿ.

ಸಾಕಿ ಬೆಳೆಸಿದ್ದಾಯಿತು. ಬಿಡುವುದು ಎಲ್ಲಿಗೆ? ದ್ವೀಪದ ತುಂಬ ಇಲಿ. ಅಂದಾಜಿನ ಪ್ರಕಾರ ಒಂದೂವರೆ ಲಕ್ಷ ಇಲಿ, ಎರಡು ಲಕ್ಷಕ್ಕೂ ಜಾಸ್ತಿ ಸುಂಡಿಲಿ. ಬಿಟ್ಟರೆ ಅವಕ್ಕೆ ಹಬ್ಬ.

ಹಾಗಾಗಿ ಇಲಿಯನ್ನು ಪೂರ್ತಿ ಮುಗಿಸಬೇಕು ಅಂತ ಯೋಜನೆ ಆಯಿತು. ಇದರ ಮೇಲೆ ಊರಲ್ಲಿ ಆದ ಜಗಳ ವರ್ಷಗಟ್ಟಲೆ ನಡೆಯಿತು. ಎಲ್ಲರೂ ಎಲ್ಲರನ್ನೂ ಬಲ್ಲ ಜಾಗ. 2015ರಲ್ಲಿ ಜನರನ್ನು ಕೇಳಿದಾಗ ಪರವಾಗಿ ನಿಂತವರು ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ. ವಿರೋಧ ಮಾಡಿದವರನ್ನು ಮೂರ್ಖರು ಅನ್ನುವುದು ನನಗೆ ಇಷ್ಟ ಇಲ್ಲ. ಅಂಗಳದಲ್ಲಿ ಮಕ್ಕಳು ಆಡುತ್ತವೆ, ಕುಡಿಯುವುದು ಚಾವಣಿಯಿಂದ ಇಳಿದ ಮಳೆನೀರು, ಮೇಲೆ ಹೆಲಿಕಾಪ್ಟರ್‌ನಲ್ಲಿ ವಿಷ ಚೆಲ್ಲುತ್ತೇವೆ ಅಂದರೆ ಯಾರಿಗೆ ಭಯ ಆಗುವುದಿಲ್ಲ? ಅವರ ಕೂಗಾಟದಿಂದ ಒಳ್ಳೆಯದೂ ಆಯಿತು ಅಂತ ನನಗೆ ಅನಿಸುತ್ತದೆ. ಮನೆಗಳಿರುವ ಕಡೆ ಹೆಲಿಕಾಪ್ಟರ್ ಬೇಡ ಅಂತ ಬೀಗ ಹಾಕಬಹುದಾದ ಪೆಟ್ಟಿಗೆಗಳಲ್ಲಿ ವಿಷದ ಗುಳಿಗೆ ಇಟ್ಟರು. ಅಂಥ ಪೆಟ್ಟಿಗೆ ಇಪ್ಪತ್ತು ಸಾವಿರಕ್ಕೂ ಜಾಸ್ತಿ. ಬೆಟ್ಟದ ಮೇಲೆ ಮಾತ್ರ ಹೆಲಿಕಾಪ್ಟರ್. 2019ರಲ್ಲಿ ಸುರಿದದ್ದು ಒಟ್ಟು 42 ಟನ್.

ಅದಕ್ಕೂ ಮುಂಚಿನ ಕೆಲಸ ಕೇಳಿ. ಆ ದ್ವೀಪದಲ್ಲಿ ಹಾರಲಾರದ ಒಂದು ಕಂದು ಹಕ್ಕಿ ಇದೆ, ವುಡ್‌ಹೆನ್. ಅದಕ್ಕೆ ವಿಪರೀತ ಕುತೂಹಲ. ಎಲ್ಲಾದರೂ ಹೊಸ ಸದ್ದಾದರೆ ಏನು ಅಂತ ನೋಡಲು ತಾನೇ ಓಡಿ ಬರುತ್ತದೆ. ಹಿಂದಿನವರು ಸುಲಭವಾಗಿ ಹಿಡಿದು ತಿಂದದ್ದು ಹಾಗೇ. ಹಂದಿ, ಬೆಕ್ಕುಗಳ ಕಾಟವೂ ಸೇರಿ 1970ರ ದಶಕದ ಹೊತ್ತಿಗೆ ಮೂವತ್ತೂ ಉಳಿದಿರಲಿಲ್ಲ, ಅದೂ ಹೆಚ್ಚಿನವು ಹಂದಿ ಹತ್ತಲಾರದ ಗೋವರ್ ಬೆಟ್ಟದ ನೆತ್ತಿಯಲ್ಲಿ. ಕಾಡುಹಂದಿಗಳನ್ನು ತೆಗೆದು, 1980ರಲ್ಲಿ ಮೂರು ಜೋಡಿ ಕೆಳಗೆ ತಂದು ಮರಿ ಮಾಡಿಸಿದ್ದರಿಂದ ಜಾತಿ ಉಳಿಯಿತು. ಈಗ ಅದೇ ಹಕ್ಕಿ ಇಲಿಯ ವಿಷ ತಿಂದು ಸತ್ತರೆ? ಅದಕ್ಕೇ ಇನ್ನೂರಕ್ಕೂ ಹೆಚ್ಚು ವುಡ್‌ಹೆನ್‌ಗಳನ್ನು, ನೂರಕ್ಕೂ ಹೆಚ್ಚು ಕರಾವಾಂಗ್ ಹಕ್ಕಿಗಳನ್ನು ಒಂದೊಂದಾಗಿ ಹಿಡಿದು, ದೊಡ್ಡ ಪಂಜರಗಳಲ್ಲಿಟ್ಟು, ವಿಷದ ಕಾಟ ಮುಗಿಯುವವರೆಗೆ ತಿಂಗಳುಗಟ್ಟಲೆ ಸಾಕಿದರು. ದಿನಾ ಮೇವು, ದಿನಾ ಹಿಕ್ಕೆ ಬಾಚುವುದು. ಇದರ ಮೇಲೆ ಯಾರೂ ರೀಲ್ಸ್ ಮಾಡುವುದಿಲ್ಲ. ಮಾಡಿದರೂ ಯಾರು ನೋಡುತ್ತಾರೆ ಹೇಳಿ.

ಬಿಟ್ಟ ಮೇಲೆ ವುಡ್‌ಹೆನ್ ಸಂಖ್ಯೆ ಕೆಲವೇ ವರ್ಷದಲ್ಲಿ ಹಲವು ಪಟ್ಟು ಏರಿತು. ಬೀಜ ಬಿದ್ದ ತಕ್ಷಣ ಇಲಿ ತಿನ್ನುತ್ತಿದ್ದ ತಾಳೆ ಜಾತಿಗಳ ಸಸಿಗಳು ನೆಲದ ತುಂಬ ಎದ್ದವು. 2022ರಲ್ಲಿ ಇನ್ನೊಂದು ಸುದ್ದಿ ಬಂತು. ಕೊಳೆತ ಮರ ತಿಂದು ಬದುಕುವ ಒಂದು ಜಿರಳೆ, ಈ ದ್ವೀಪದಲ್ಲಿ 1930ರ ದಶಕದಿಂದ ಕಂಡೇ ಇರಲಿಲ್ಲ. ಸಿಡ್ನಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬರು ಆಲದ ಬಳಗದ ಮರದ ಕೆಳಗೆ ಒಂದು ಕಲ್ಲು ಎತ್ತಿ ನೋಡಿದರೆ ಅದರಡಿಯಲ್ಲಿ ಇದೆ! ಜಿರಳೆಗೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ, ನನಗೆ ಮಾತ್ರ ಆ ಸುದ್ದಿ ಓದಿ ಬಹಳ ಖುಷಿಯಾಯಿತು.

'ಇಲಿಯದ್ದೇನು ತಪ್ಪು? ಅದೂ ಜೀವ ಅಲ್ವಾ?' ಅಂತ ಕೇಳುವವರಿದ್ದಾರೆ. ಹೌದು, ಇಲಿಯದ್ದು ಏನೂ ತಪ್ಪಿಲ್ಲ. ಆ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ದಿನಗಟ್ಟಲೆ ನರಳಿಸಿ ಕೊಲ್ಲುತ್ತದೆ. ಅದನ್ನು ಮುಚ್ಚಿಟ್ಟು ವಾದ ಮಾಡುವುದು ನನಗೆ ಬೇಕಿಲ್ಲ. ಆದರೆ ಸುಮ್ಮನಿದ್ದಿದ್ದರೆ ಯಾರೂ ಸಾಯುತ್ತಿರಲಿಲ್ಲವಾ? ದಿನಾ ರಾತ್ರಿ ಮೊಟ್ಟೆ, ಮರಿ, ಹುಳ, ಬೀಜ ಇಲಿಯ ಬಾಯಿಗೆ ಹೋಗುತ್ತಲೇ ಇದ್ದವು, ನಾವು ನೋಡುತ್ತಿರಲಿಲ್ಲ ಅಷ್ಟೇ. ಇಲಿಯನ್ನು ಅಲ್ಲಿಗೆ ಒಯ್ದದ್ದು ನಮ್ಮ ಹಡಗು. ಒಯ್ದವರೇ ಕೈಕಟ್ಟಿ ಕೂತು 'ಪ್ರಕೃತಿ ನೋಡಿಕೊಳ್ಳುತ್ತೆ' ಅಂದರೆ ಅದನ್ನು ದಯೆ ಅನ್ನಲು ನನ್ನಿಂದಾಗದು.

ಕೆಲಸ ಮುಗಿಯಿತು ಅಂತಲೂ ಅಲ್ಲ. 2021ರ ಏಪ್ರಿಲ್‌ನಲ್ಲಿ ಯಾರದೋ ಕಣ್ಣಿಗೆ ಇಲಿ ಬಿತ್ತು. ಹಿಡಿದು ನೋಡಿದರೆ ಒಂದು ಗಂಡು, ಒಂದು ಬಸುರಿ ಹೆಣ್ಣು. ಮತ್ತೆ ನಾಯಿಗಳು, ಮತ್ತೆ ಬೋನು, ಮತ್ತೆ ವಿಷ. ದ್ವೀಪಕ್ಕೆ ಬೇಕಾದ ಸಾಮಾನು ಈಗಲೂ ಬರುವುದು ಆಸ್ಟ್ರೇಲಿಯಾ ಕರಾವಳಿಯ ಪೋರ್ಟ್ ಮೆಕ್ವಾರಿಯಿಂದ ಹಡಗಿನಲ್ಲೇ. ಹಾಗಾಗಿ ಸಾಮಾನನ್ನೆಲ್ಲ ಮೂಸಿ ನೋಡಲು ತರಬೇತಾದ ನಾಯಿಗಳಿವೆ.

ಬೋನಿಗೆ ಬೀಳದ ಕಾಟಗಳೂ ಇವೆ. ಅಲ್ಲಿ ಗೂಡು ಮಾಡುವ ಶಿಯರ್‌ವಾಟರ್ ಅನ್ನುವ ಕಡಲಹಕ್ಕಿ ತೇಲುವ ಪ್ಲಾಸ್ಟಿಕ್ಕನ್ನೇ ಆಹಾರ ಅಂದುಕೊಂಡು ಮರಿಗೆ ಉಣಿಸುತ್ತದೆ. 2025ರಲ್ಲಿ ಒಂದೇ ಮರಿಯ ಹೊಟ್ಟೆಯಲ್ಲಿ 778 ಚೂರು ಸಿಕ್ಕವು. ಕೆಲವು ಹಕ್ಕಿಗಳ ಹೊಟ್ಟೆ ಮೆಲ್ಲಗೆ ಒತ್ತಿದರೆ ಕರಕರ ಸದ್ದು ಕೇಳುತ್ತದಂತೆ. ಇದಕ್ಕೆ ದ್ವೀಪದವರು ಏನು ಮಾಡಿಯಾರು?

ಇನ್ನೊಂದು, ಮರ್ಟಲ್ ರಸ್ಟ್ ಅನ್ನುವ ತುಕ್ಕು ರೋಗ. ಎಲೆಯ ಮೇಲೆ ಹಳದಿ ಪುಡಿಯ ಹಾಗೆ ಕಾಣುವ ಶಿಲೀಂಧ್ರ. ಗಾಳಿಯಲ್ಲಿ ಬರುತ್ತದೆ, ಬಟ್ಟೆ, ಚಪ್ಪಲಿಗೆ ಅಂಟಿಯೂ ಬರುತ್ತದೆ. 2016ರಲ್ಲಿ ಒಮ್ಮೆ ಕಂಡಾಗ ಬಡಿದು ಓಡಿಸಿದ್ದರು. 2023ರಲ್ಲಿ ಮತ್ತೆ ಕಂಡಿತು, ಕಾಡಿನ ದಾರಿಗಳನ್ನು ಪ್ರವಾಸಿಗರಿಗೆ ಮುಚ್ಚಿದರು. ಅದು ಹಿಡಿಯುವುದು ನೇರಳೆ, ನೀಲಗಿರಿ ಮರಗಳ ಬಳಗವನ್ನು. ಮೆಲಲೂಕವೂ ಅದೇ ಬಳಗ. ಬಾಲ್ಸ್ ಪಿರಮಿಡ್‌ನ ಪೊದೆಯೂ ಮೆಲಲೂಕವೇ ಅಂತ ಮೇಲೆ ಹೇಳಿದ್ದೇನೆ. ಪ್ರವಾಸಕ್ಕೆ ಬಂದವರಲ್ಲಿ ಕೆಲವರು 'ರಜೆ ಹಾಳಾಯಿತು' ಅಂತ ಗೊಣಗಿರಬಹುದು. ನನ್ನನ್ನು ಕೇಳಿದರೆ ಇನ್ನೂ ಜಾಸ್ತಿ ದಿನ ಮುಚ್ಚಿದ್ದರೂ ನನ್ನ ತಕರಾರಿಲ್ಲ. ಯಾರಿಗಾದರೂ ಅಲ್ಲಿಗೆ ಹೋಗುವ ಯೋಗ ಬಂದರೆ, ಬೆಟ್ಟದ ಬುಡದಲ್ಲಿ ಶೂ ಉಜ್ಜಿ ತೊಳೆಯಿರಿ ಅಂತ ಹೇಳುತ್ತಾರೆ. ಮುಖ ಸಿಂಡರಿಸದೆ ತೊಳೆದುಕೊಳ್ಳಿ.